ಮಗ್ಗ ಸುಮ್ಮನಿದ್ದಾಗ

ಭಾನುವಾರ ಬೆಳಗ್ಗೆ ಆರಾಮಕುರ್ಚಿಯಲ್ಲಿ ಪತ್ರಿಕೆಯನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯ ಹಲ್ಲಿಗಿರುವಷ್ಟು ಚಟುವಟಿಕೆಯೂ ಇಲ್ಲದೆ ಕುಳಿತಿರುವಾಗ, ಅಡುಗೆಮನೆಯಿಂದ “ಏನ್ರೀ ಮಾಡ್ತಿದ್ದೀರಿ?” ಎಂಬ ಪ್ರಶ್ನೆ ಬಂದರೆ, ನನ್ನ ಕೈ ನನ್ನನ್ನು ಕೇಳದೆಯೇ ಪತ್ರಿಕೆಯ ಹಾಳೆಗಳನ್ನು ಪರಪರನೆ ಮಗುಚುತ್ತದೆ. ನನ್ನಾಕೆ ಹುಲಿಯಲ್ಲ, ಪ್ರಶ್ನೆಯೂ ಕಾಫಿಗೆ ಪೀಠಿಕೆಯಷ್ಟೆ. ಆದರೂ ಎದೆ ಧಸಕ್ಕೆನ್ನುತ್ತದೆ. ಸುಮ್ಮನಿದ್ದದ್ದು ತಿಳಿದರೆ ಯಾರೋ ಬಂದು ಏನನ್ನೋ ಕಿತ್ತುಕೊಂಡು ಹೋಗುತ್ತಾರೆಂಬ ಈ ಭಯ ನನಗೆಲ್ಲಿ ಅಂಟಿತೆಂದು ಬಲ್ಲೆ. ಓದುಗ ಮಹಾಶಯರೂ ಒಮ್ಮೆ ತಮ್ಮ ಎದೆ ಮುಟ್ಟಿ ನೋಡಿಕೊಳ್ಳಬಹುದು.

ಕೊಳ್ಳೇಗಾಲವು ಮದರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ, ಯಳಂದೂರಿನಿಂದ ಮೇಷ್ಟ್ರಾಗಿ ವರ್ಗವಾಗಿ ಬಂದ ನಾನು, ರೇಷ್ಮೆ ಸೀರೆ ನೇಯುವ ನಂಜುಂಡಪ್ಪನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮಗ್ಗ, ರೇಷ್ಮೆ ಎರಡೂ ಸಾವುಕಾರರವು. ನಂಜುಂಡಪ್ಪನದೂ ಹೆಂಡತಿ ಗೌರಮ್ಮನದೂ ಕೈಗಳು ಮಾತ್ರ. ಯಾವ ಮಗ್ಗ ಓಡುತ್ತಿದೆ, ಯಾವುದು ಸುಮ್ಮನಿದೆ ಎಂದು ವರದಿ ಮಾಡಲು ಸಾವುಕಾರರ ಗುಮಾಸ್ತೆ ಮಾದಪ್ಪ ಹೊತ್ತಲ್ಲದ ಹೊತ್ತಿನಲ್ಲಿ ಕೊಡೆ ಹಿಡಿದು ಬೀದಿಗೆ ಬರುತ್ತಿದ್ದ. ಒಳಗೆ ಬರುತ್ತಿರಲಿಲ್ಲ, ಬೀದಿಯಲ್ಲೇ ನಿಂತು ಕಿವಿಗೊಡುತ್ತಿದ್ದ. ಲಟಕ್ ಲಟಕ್ ಎಂದರೆ ದುಡಿಮೆ, ಇಲ್ಲದಿದ್ದರೆ ಸೋಮಾರಿತನ. ಮೇಲಿಂದ ಮೇಲೆ ಸುಮ್ಮನಿದ್ದ ಮಗ್ಗವನ್ನು ಬಿಚ್ಚಿ ಗಾಡಿಗೆ ಹೇರಿ ಇನ್ನೊಬ್ಬರ ಮನೆಗೆ ಸಾಗಿಸುತ್ತಿದ್ದರು.

ನೇಯ್ಗೆಯ ಅತ್ಯಂತ ಕಷ್ಟದ ಕೆಲಸಕ್ಕೆ ಸದ್ದೇ ಇಲ್ಲವೆಂಬುದು ಈ ಶ್ರವಣಶಾಸ್ತ್ರದ ಲೋಪ. ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ಮುಗಿದರೆ ಅದರ ತುದಿಗಳಿಗೆ ಹೊಸ ಹಾಸಿನ ಎಳೆಗಳನ್ನು ಬೆರಳಿಗೆ ಬೂದಿ ಹಚ್ಚಿಕೊಂಡು ಒಂದೊಂದಾಗಿ ಹೊಸೆದು ಕೂಡಿಸಬೇಕು. ಗಂಡಹೆಂಡಿರು ಉಸಿರು ಬಿಗಿಹಿಡಿದು ದಿನಗಟ್ಟಲೆ ಕೂರುವ ಕೆಲಸವದು. ಆಗ ಬೀದಿಯವರ ಕಣ್ಣು ಬೀಳಬಾರದೆಂದು ಬಾಗಿಲು ಮುಂದೆ ಮಾಡುವುದು ಆ ಮನೆಯ ರೂಢಿ. ಮುಚ್ಚಿದ ಬಾಗಿಲು, ಸದ್ದಿಲ್ಲದ ಮನೆ. ಮಾದಪ್ಪನಿಗೆ ಇನ್ನೇನು ಬೇಕು?

ಆ ಸಲ ಕೂಡಿಸುತ್ತಿದ್ದ ಹಾಸು ಹನೂರಿನ ಮದುವೆಯೊಂದರ ಸೀರೆಗೆಂದು ಬಂದದ್ದು. ಪಕ್ಕದ ಮನೆಯ ಮಗ್ಗ ಗಾಡಿ ಏರಿದ್ದನ್ನು ಅದೇ ವಾರ ಕಂಡಿದ್ದ ಗೌರಮ್ಮ, ಬಾಗಿಲ ಸಂದಿಯಿಂದ ಬೀದಿಯ ತಿರುವಿನಲ್ಲಿ ಕೊಡೆ ಕಾಣುತ್ತಲೇ ಎಳೆಗಳನ್ನು ಕೈಬಿಟ್ಟು, ಖಾಲಿ ಲಾಳಿಯಿಂದ ಮಗ್ಗದ ಕಂಬವನ್ನು ಕುಟ್ಟತೊಡಗಿದಳು. ನಕ್ಕೆನೇ? ಇಲ್ಲ. ಇನ್‌ಸ್ಪೆಕ್ಟರರ ಜೀಪಿನ ಸದ್ದಿಗೆ ಇಡೀ ತರಗತಿಯಿಂದ ಮಗ್ಗಿ ಕೂಗಿಸುತ್ತಿದ್ದ ಮಹಾನುಭಾವ ನಾನು. ಮಾದಪ್ಪನೋ, ಬೀದಿಯ ಬೇವಿನ ಮರದಡಿ ದಣಿವಾರಿಸಿಕೊಳ್ಳುತ್ತ ಕೂತುಬಿಡುವನು. ಅವನು ಏಳುವ ತನಕ ಕುಟ್ಟಲೇಬೇಕು. ಆ ಮನೆಯಲ್ಲಿ ಕೆಲಸ ನಿಲ್ಲುತ್ತಿದ್ದುದು ಸದ್ದು ಕೇಳುವಾಗ ಮಾತ್ರ. ಹೀಗೆ ಹಾಸು ಅರ್ಧಕ್ಕೇ ಉಳಿಯಿತು, ಮದುವೆ ಹತ್ತಿರ ಬಂತು.

ಕೊನೆಗೊಂದು ದಿನ ಮಾದಪ್ಪ ಬಾಗಿಲು ತಳ್ಳಿಕೊಂಡು ಒಳಗೇ ಬಂದ.

“ಮಗ್ಗ ದಿನಾ ಓಡ್ತಿತ್ತು, ನನ್ ಕಿವಿಯಾರ ಕೇಳಿವ್ನಿ. ಸೀರ ಎಲ್ಲಿ ನಂಜುಂಡ? ರೇಸ್ಮ ಯಾರ್ಗ ಮಾರ್ದೆ?”

ಸೋಮಾರಿಯೆನ್ನಿಸಿಕೊಂಡರೆ ಮಗ್ಗ ಹೋಗುತ್ತದೆ, ಕಳ್ಳನೆನ್ನಿಸಿಕೊಂಡರೆ ಮರ್ಯಾದೆಯೂ ಹೋಗುತ್ತದೆ. ನಂಜುಂಡಪ್ಪ ಬೂದಿ ಹತ್ತಿದ ಬೆರಳಿನಿಂದ ಮಗ್ಗದತ್ತ ತೋರಿಸಿದ.

“ಮಾರ್ನಿಲ್ಲ ಸಾ! ನೋಡಿ, ಹಾಸು ಇಲ್ಲೇ ಅದ. ನಿಮ್ಗ ಎದ್ರಿ ಸದ್ ಮಾಡ್ದೊ. ಮಗ್ಗ ಸುಮ್ನಿತ್ತು ಸಾ, ನಾವ್ ಸುಮ್ನಿರ್ನಿಲ್ಲ.”

ನಾನೂ ಧೈರ್ಯ ತಂದುಕೊಂಡು, ಇವರು ಕೂಡಿಸುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ ಎಂದೆ. ಅರ್ಧ ಕೂಡಿದ ಹಾಸನ್ನು ನೋಡುತ್ತ ನಿಂತ ಮಾದಪ್ಪನ ಮುಖ ನಮ್ಮೆಲ್ಲರ ಮುಖಕ್ಕಿಂತ ಬಿಳಿಚಿತು.

“ಮೇಷ್ಟ್ರೇ, ಓಡ್ತಾ ಅದ ಅಂತ ದಿನಾ ಏಳಿವ್ನಿ. ಈಗ ಓಡ್ನಿಲ್ಲ ಅಂದ್ರ ಸಾವ್ಕಾರ್ರು ನನ್ನ ಮಡಿಕಂಡಾರಾ?”

ಆದ್ದರಿಂದ ಅವನು ಸಾವುಕಾರರ ಮುಂದೆ ತನ್ನ ಪ್ರಾಣಕ್ಕೆ ಹಗುರಾದ ಸತ್ಯವನ್ನೇ ಆರಿಸಿಕೊಂಡ: ಸುಳ್ಳು ಸದ್ದು ಮಾಡಿ ನೇಕಾರ ನನಗೆ ಮೋಸಮಾಡಿದ. ಮರುದಿನವೇ ಗಾಡಿ ಬಂತು. ಮಗ್ಗವಿದ್ದ ಕಡೆ ನೇಕಾರ ಕಾಲಿಳಿಬಿಡುವ ಗುಣಿಯೊಂದೇ ಉಳಿಯಿತು. ಮುಂದಿನ ವಾರ ನಾನು ಜಗಲಿಯಲ್ಲಿದ್ದಾಗ ತಿರುವಿನಲ್ಲಿ ಕೊಡೆ ಕಾಣಿಸಿತು. ಒಳಗಿನಿಂದ ಕುಟ್ಟುವ ಸದ್ದು ಬಂತು. ಗಾಬರಿಯಿಂದ ಬಗ್ಗಿ ನೋಡಿದರೆ, ಗೌರಮ್ಮ ಬರಿಯ ಒರಳಿಗೆ ಒನಕೆ ಹಾಕುತ್ತಿದ್ದಳು. ಕಿತ್ತುಕೊಳ್ಳಲು ಇನ್ನೇನೂ ಉಳಿದಿಲ್ಲವೆಂಬುದು ಅವಳ ಕೈಗೆ ಇನ್ನೂ ತಿಳಿದಿರಲಿಲ್ಲ.

ಕಿವಿಯಿಂದ ಅಳೆಯುವವರ ಎದುರು ಲೋಕವೆಲ್ಲ ಲಾಳಿ ಕುಟ್ಟುತ್ತದೆ, ನಾನು ಪತ್ರಿಕೆ ಮಗುಚುತ್ತೇನೆ. ಈ ಭಾನುವಾರವಾದರೂ ನಿಜ ಹೇಳಿಬಿಡೋಣವೆಂದು ನಿಶ್ಚಯಿಸಿ ಕುಳಿತೆ. “ಏನ್ರೀ ಮಾಡ್ತಿದ್ದೀರಿ?” ಎಂದಳು ನನ್ನಾಕೆ. ಹಾಳೆ ಮಗುಚದೆ, “ಏನೂ ಇಲ್ಲ, ಸುಮ್ಮನೆ ಕೂತಿದ್ದೀನಿ” ಎಂದೆ. “ಸರಿ, ಕೂತ್ಕೊಳಿ” ಎಂದಳು. ಪತ್ರಿಕೆ ಮಾತ್ರ ಸಣ್ಣಗೆ ಸದ್ದು ಮಾಡುತ್ತಲೇ ಇತ್ತು. ನನ್ನನ್ನು ಕೇಳದೆಯೇ ಹೆಬ್ಬೆರಳು ಅದರ ಅಂಚನ್ನು ತೀಡುತ್ತಿತ್ತು.