ರೆಬ್ಬಿ ನೋಡದ ಸಿನಿಮಾ

ಶ್ರೀನಿವಾಸಪುರದ ಕೃಪಾವತಿಯನ್ನು ಎರಡು ವಿಷಯದಲ್ಲಿ ಯಾರೂ ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಒಂದು, ಅವಳು ಹೊಲಿದ ರವಿಕೆ. ಇನ್ನೊಂದು, ಭಾನುವಾರದ ಆರಾಧನೆ. ಮಳೆ ಬರಲಿ, ಮಾವಿನ ಸುಗ್ಗಿಯೇ ಇರಲಿ, ಗಂಟೆ ಬಾರಿಸುವ ಮೊದಲೇ ಚರ್ಚಿನ ಹೆಂಗಸರ ಸಾಲಿನಲ್ಲಿ ಅವಳ ಬಿಳಿ ಸೀರೆ ಕಾಣಿಸುತ್ತಿತ್ತು. ಮೂರನೆಯದೊಂದು ವಿಷಯವಿತ್ತು, ಅದರಲ್ಲಿ ಮಾತ್ರ ಜನ ಎರಡೂ ಕೈಯ ಬೆರಳು ತೋರಿಸುತ್ತಿದ್ದರು. ದೆವ್ವದ ಸಿನಿಮಾ ಅಂದರೆ ಈ ಹೆಂಗಸಿಗೆ ಪ್ರಾಣ.

ಈ ಚಟ ಹತ್ತಿಸಿದವರು ಅವಳ ಅಪ್ಪ ಸತ್ಯನಾಥಪ್ಪ. ಕೋಲಾರದ ಆಸ್ಪತ್ರೆಯೊಂದರಲ್ಲಿ ವಾಚ್‌ಮನ್ ಆಗಿದ್ದ ಅವರು ಸಂಜೆ ಡ್ಯೂಟಿಗೆ ಹೊರಡುವ ಮುಂಚೆ, ತಾಯಿಯಿಲ್ಲದ ಇಬ್ಬರು ಹೆಣ್ಣುಮಕ್ಕಳಿಗೆ ಮುದ್ದೆ ಮುರಿದು ಕೊಡುತ್ತ ದೆವ್ವದ ಕತೆ ಹೇಳುತ್ತಿದ್ದರು. ಕತೆ ಮುಗಿದ ಕೂಡಲೇ ಮೊಣಕಾಲೂರಿ ಪ್ರಾರ್ಥನೆ. "ಹೆದ್ರಿಕೊಂಡೋರೇ ಪ್ರಾರ್ಥನೆ ಚೆನ್ನಾಗಿ ಮಾಡೋದು ಕಣ್ರೇ. ಹೊಟ್ಟೆ ತುಂಬಿ ನಿದ್ದೆ ಬಂದೋರು ಬರೀ ಆಮೆನ್ ಅಂತಾರೆ ಅಷ್ಟೇ" ಎನ್ನುತ್ತಿದ್ದರು. ದೊಡ್ಡವಳು ಕೃಪಾವತಿಗೆ ಈ ಮಾತು ಹಾಲು ಕುಡಿದಷ್ಟು ಸಲೀಸಾಗಿ ಒಳಗಿಳಿಯಿತು. ಚಿಕ್ಕವಳು ರೆಬೆಕ್ಕ, ಮನೆಯಲ್ಲಿ ರೆಬ್ಬಿ, ಅಕ್ಕನ ಲಂಗ ಬಿಗಿಯಾಗಿ ಹಿಡಿದುಕೊಂಡೇ ಆಮೆನ್ ಹೇಳುತ್ತಿದ್ದಳು.

ದೊಡ್ಡವರಾದ ಮೇಲೆ ಇಬ್ಬರೂ ಆರಾಧನೆ ಮುಗಿಸಿ, ಸತ್ಯವೇದದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಮ್ಯಾಟಿನಿ ಶೋ ನೋಡಿದವರು. ನೋಡಿದವರು ಎಂದರೆ ತಪ್ಪಾಗುತ್ತದೆ. ರೆಬ್ಬಿ ಹೆಸರು ತೋರಿಸುವಾಗಲೇ ಕಣ್ಣು ಮುಚ್ಚುತ್ತಿದ್ದಳು. ತೆರೆಯ ಮೇಲೆ ಏನಾಗುತ್ತಿದೆ ಎಂದು ಕೃಪಾವತಿ ಪಿಸುಗುಟ್ಟಬೇಕು. "ಪೋಯಿಂದಾ ಅಕ್ಕಾ? ದೆವ್ವ ಹೋಯ್ತಾ?" ಎಂದು ಇವಳು ಕೇಳಬೇಕು. ಹಿಂದಿನ ಸೀಟಿನವರು "ನಾವೂ ಕಾಸು ಕೊಟ್ಟೇ ಬಂದಿರೋದು ಕಣಮ್ಮಾ" ಎಂದು ರೇಗಬೇಕು. ನಿಜ ಹೇಳಬೇಕೆಂದರೆ ರೆಬ್ಬಿ ಜೀವಮಾನದಲ್ಲಿ ಒಂದು ದೆವ್ವವನ್ನೂ ಕಣ್ಣಾರೆ ನೋಡಿದವಳಲ್ಲ, ಎಲ್ಲವನ್ನೂ ಅಕ್ಕನ ಬಾಯಿಂದ ಕೇಳಿದವಳು.

ಕೃಪಾವತಿಯನ್ನು ಶ್ರೀನಿವಾಸಪುರಕ್ಕೆ ಕೊಟ್ಟರು, ರೆಬ್ಬಿಯನ್ನು ಮುಳಬಾಗಿಲಿಗೆ. ಆದರೂ ಸಂಪ್ರದಾಯ ತಪ್ಪಲಿಲ್ಲ. ಹೊಸ ದೆವ್ವ ಬಂದಾಗಲೆಲ್ಲ ಮುಳಬಾಗಿಲಿನಿಂದ ಫೋನು ಬರುತ್ತಿತ್ತು, "ಬಂದೈತೆ ಅಕ್ಕಾ, ಹೊರಡು." ಇವಳು ಇತ್ತಿಂದ, ಅವಳು ಅತ್ತಿಂದ ಬಸ್ಸು ಹತ್ತಿ ಕೋಲಾರದಲ್ಲಿ ಸೇರುವುದು. ಗಂಡ ತೀರಿಕೊಂಡ ವರ್ಷ ಕೃಪಾವತಿ ಮೊದಲ ಸಲ ಬಾಯಿಬಿಟ್ಟು ನಕ್ಕಿದ್ದು ಅಂಥದೊಂದು ಸಿನಿಮಾದ ಕತ್ತಲಲ್ಲೇ, ತಂಗಿಯ ಪಕ್ಕದಲ್ಲೇ.

ಆಮೇಲೆ ರೆಬ್ಬಿಯ ಮಗಳು ರಜನಿಗೆ ಫಿಟ್ಸ್ ಶುರುವಾಯಿತು. ಮಲಗಿದ್ದ ಹುಡುಗಿ ಕಿರುಚಿಕೊಂಡು ಸೆಟೆದು ಬೀಳುತ್ತಿದ್ದಳು. ಕೋಲಾರದ ಡಾಕ್ಟರು ಮಾತ್ರೆ ಕೊಟ್ಟರು. ಮುಳಬಾಗಿಲಿನ ಹೊರವಲಯದಲ್ಲಿ ಶೀಟು ಹೊದಿಸಿದ ಪ್ರಾರ್ಥನಾ ಮಂದಿರ ನಡೆಸುತ್ತಿದ್ದ ಪಾಸ್ಟರ್ ಗಂಗಾಧರ್ ದಿನಾ ಬಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹುಡುಗಿ ಸುಧಾರಿಸಿಕೊಂಡಳು. ಮಾತ್ರೆಯಿಂದಲೋ ಪ್ರಾರ್ಥನೆಯಿಂದಲೋ ಎಂದು ಹೆತ್ತ ತಾಯಿಯನ್ನು ಕೇಳುವಷ್ಟು ಕಟುಕರು ಯಾರೂ ಇರಲಿಲ್ಲ. ರೆಬ್ಬಿ ಆ ಸಭೆಗೆ ಸೇರಿಕೊಂಡಳು.

ಅಲ್ಲಿ ಶುಕ್ರವಾರದ ಉಪವಾಸ ಪ್ರಾರ್ಥನೆಯಲ್ಲಿ ಸಾಕ್ಷಿ ಹೇಳುವ ಪದ್ಧತಿ. ನಾನು ಹೀಗಿದ್ದೆ, ಕರ್ತನು ನನ್ನನ್ನು ಹೀಗೆ ಬಿಡಿಸಿದನು ಎಂದು ಎಲ್ಲರೆದುರು ಹೇಳಬೇಕು. ಒಂದೊಂದು ಮಾತಿಗೂ ಜನ "ಸ್ತೋತ್ರ!" ಎಂದು ದನಿಗೂಡಿಸುತ್ತಾರೆ. ಹಾಗೆ ದನಿಗೂಡಿಸಿದರೆ ಎಂಥವರಿಗೂ ಹುಮ್ಮಸ್ಸು ಬರುತ್ತದೆ, ಬಾಯಿಗೆ ಕಡಿವಾಣ ಇರುವುದಿಲ್ಲ. ರಜನಿ ವಾಸಿಯಾದ ಸಂತೋಷಕ್ಕೆ ಕೃಪಾವತಿಯೂ ಅವತ್ತು ಹೋಗಿ ಚಾಪೆಯ ಮೇಲೆ ಕೂತಿದ್ದಳು. ರೆಬ್ಬಿ ಎದ್ದು ನಿಂತು ಹೇಳಿದಳು, "ನಮ್ಮಕ್ಕನೇ ನನ್ನನ್ನ ದೆವ್ವದ ಸಿನಿಮಾಕ್ಕೆ ಕರ್ಕೊಂಡು ಹೋಗ್ತಿದ್ಲು. ರಜನೀನ ಹಿಡಿದಿದ್ದ ಆ ಆತ್ಮ ಅಲ್ಲಿಂದಲೇ ನಮ್ಮನೆಗೆ ಬಂತು." ಸ್ತೋತ್ರ, ಅಂದರು ಎಲ್ಲರೂ. ಕೃಪಾವತಿಯ ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಮೆಲ್ಲಗೆ ಸರಿದು ಕೂತಳು.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಜಗಳವಾದರೆ ರಾಜಿಯೂ ಆಗುತ್ತದೆ. ಫೋನು ಬರುತ್ತಲೇ ಇತ್ತು. ಊಟ ಆಯ್ತಾ, ಬಿಸಿಲು ಜಾಸ್ತಿ, ಫೋನ್ ಇಡ್ಲಾ? ಅಷ್ಟೇ. ಆ "ಇಡ್ಲಾ" ಕೇಳಿದ ಮೇಲೂ ಕೃಪಾವತಿ ಫೋನನ್ನು ಕಿವಿಯಿಂದ ತೆಗೆಯುತ್ತಿರಲಿಲ್ಲ. ಹೊಲಿಗೆ ಮಿಷನ್ ತುಳಿಯುತ್ತ ತುಳಿಯುತ್ತ ಸುಮ್ಮನೆ ಕೂತುಬಿಡುತ್ತಿದ್ದಳು. ಕತ್ತಲಲ್ಲಿ ಕಿವಿಯ ಹತ್ತಿರ ಬರುತ್ತಿದ್ದ ಆ ಬಿಸಿಯುಸಿರು ಅವಳಿಗೆ ಬೇಕಿತ್ತು. ತಂಗಿ ಬೇಕಿತ್ತು.

ಕೋಲಾರಕ್ಕೆ ಹೊಸದೊಂದು ಸಿನಿಮಾ ಬಂತು. ಪೋಸ್ಟರ್ ನೋಡಿದ ದಿನದಿಂದ ಫೋನಿಗೆ ಕಾದಳು. ಬರಲಿಲ್ಲ. ಕೊನೆಗೆ ಒಬ್ಬಳೇ ಹೋದಳು. ಸಿನಿಮಾ ಚೆನ್ನಾಗಿಯೇ ಇತ್ತು, ಆದರೆ ಪಕ್ಕದ ಸೀಟು ಖಾಲಿ. ದೆವ್ವ ಬಂದಾಗ ಅಭ್ಯಾಸಬಲದಿಂದ ಆ ಕಡೆ ಬಗ್ಗಿ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಹೇಳದೆ ಉಳಿದ ಕತೆ ಅಜೀರ್ಣವಾದ ಹಾಗೆ ಎದೆಯಲ್ಲೇ ನಿಂತಿತು. ಪಕ್ಕದ ಮನೆಯ ಅರ್ಷಿಯಾ, "ನಂಗೆ ಹೇಳಕ್ಕಾ. ನಮ್ಮಲ್ಲೂ ದೊಡ್ಡೋರು ನೋಡಬಾರ್ದು ಅಂತಾರೆ, ನೋಡೋರು ನೋಡ್ತಾರೆ" ಅಂದಳು. ಕೃಪಾವತಿ ಸಿನಿಮಾದ ಹೆಸರಷ್ಟೇ ಹೇಳಿ, ಕೈಲಿದ್ದ ರವಿಕೆಗೆ ಗುಂಡಿ ಹಾಕತೊಡಗಿದಳು.

ಇದನ್ನು ಹೀಗೇ ಬಿಡಬಾರದೆಂದು ಅವಳು ಮುಳಬಾಗಿಲಿಗೆ ಹೋಗಿ ಪಾಸ್ಟರ್ ಗಂಗಾಧರ್ ಅವರನ್ನೇ ಕೇಳಿದಳು. "ಪಾಸ್ಟರ್, ಯೇಸಪ್ಪ ನನ್ನ ಜೊತೇಲಿ ಅವ್ರೆ ಅಂತ ನಂಬಿರೋಳು ನಾನು. ಅದಕ್ಕೇ ದೆವ್ವ ನೋಡಿದ್ರೆ ನಂಗೆ ತಮಾಷೆ. ತಪ್ಪಾ?"

ಬೈಯುತ್ತಾರೆ ಎಂದುಕೊಂಡಿದ್ದಳು. ಅವರು ಬೈಯಲಿಲ್ಲ. "ನಾನು ತಾಯಲೂರು ಕಡೆಯೋನು ಸಿಸ್ಟರ್. ನಮ್ಮಮ್ಮಂಗೆ ದೆವ್ವ ಹಿಡಿದೈತೆ ಅಂತ ಹುಣಿಸೆ ಬರಲಲ್ಲಿ ಹೊಡೀತಿದ್ರು. ಸಾಯೋವರೆಗೂ ಬೆನ್ನ ಮೇಲೆ ಬರೆ ಇತ್ತು. ನಿಮಗೆ ತಮಾಷೆ ಇರಬೋದು, ನಂಗೆ ಆಗಲ್ಲ" ಅಂದರು. ಕೃಪಾವತಿ ತಲೆ ತಗ್ಗಿಸಿದಳು. ಅಪ್ಪ ಹೇಳಿದ್ದೂ ಸರಿ, ಇವರು ಹೇಳುವುದೂ ಸರಿ. ಎರಡು ಸರಿಗಳ ನಡುವೆ ನಿಂತವಳು ಯಾವ ಕಡೆ ಹೋಗಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ದಾರಿ ತೋರಿಸಿದವಳು ರೆಬ್ಬಿ. ಬಸ್ಸು ಹತ್ತಿಸಲು ಬಂದವಳು ಅಕ್ಕನ ಮುಖ ನೋಡದೆ ಹೇಳಿದಳು, "ನೀನೂ ಒಂದು ಸಾಕ್ಷಿ ಹೇಳ್ಬಿಡಕ್ಕಾ. ಬಿಟ್ಬಿಟ್ಟೆ ಅನ್ನು ಸಾಕು. ಆಮೇಲೆ ನಾವು ಮುಂಚೆ ಇದ್ದಂಗೇ ಇರ್ಬೋದು." ಬಸ್ಸು ಮುಳಬಾಗಿಲು ದಾಟುವುದರೊಳಗೆ ಕೃಪಾವತಿ ತೀರ್ಮಾನ ಮಾಡಿಬಿಟ್ಟಿದ್ದಳು. ಸಿನಿಮಾ ಬಿಡುವುದು ಕಷ್ಟ, ತಂಗಿಯನ್ನು ಬಿಟ್ಟಿರುವುದು ಅದಕ್ಕಿಂತ ಕಷ್ಟ.

ಮುಂದಿನ ಶುಕ್ರವಾರ ಮಂದಿರದಲ್ಲಿ ಜನ ತುಂಬಿದ್ದರು. ಮಂಡಿನೋವೆಂದು ಪಾಸ್ಟರ್ ಅವಳಿಗೆ ಕೂತೇ ಹೇಳಲು ಅಪ್ಪಣೆ ಕೊಟ್ಟರು. ಪಕ್ಕದಲ್ಲಿ, ಒಂದು ಮೊಳ ದೂರದಲ್ಲಿ, ರೆಬ್ಬಿ.

"ನಾನು ಪಾಪಿ."

"ಸ್ತೋತ್ರ!"

"ಮೊನ್ನೆ ಒಬ್ಬಳೇ ಕೋಲಾರಕ್ಕೆ ಹೋಗಿ ದೆವ್ವದ ಸಿನಿಮಾ ನೋಡಿದೆ."

"ಸ್ತೋತ್ರ!"

ಇನ್ನು ಬಿಟ್ಟುಬಿಟ್ಟೆ ಎಂದರೆ ಮುಗಿಯಿತು. ಆದರೆ ಏನು ನೋಡಿದೆ ಎಂದು ಹೇಳದಿದ್ದರೆ ಪಾಪವನ್ನು ಅರ್ಧ ಮುಚ್ಚಿಟ್ಟಂತಾಗುವುದಿಲ್ಲವೇ? ಕೃಪಾವತಿ ನೇರ ಹೆಂಗಸು. "ಅದ್ರಲ್ಲಿ ಒಂದು ಬಂಗಲೆ. ಮಹಡಿ ಮೇಲೊಂದು ಕೋಣೆ. ಅಲ್ಲಿ ಹೊಲಿಗೆ ಮಿಷನ್ ತಾನೇ ತಾನಾಗಿ ಓಡ್ತದೆ" ಅಂದಳು.

"ಸ್ತೋತ್ರ" ಅಂದರು ಕೆಲವರು.

"ಬೆಳಗಾದ್ರೆ ಅದ್ರ ಮೇಲೊಂದು ಕೆಂಪು ರವಿಕೆ. ಯಾರ ಅಳತೆಗೆ ಸರಿಹೋಗ್ತದೋ ಅವರು ಆ ವಾರ ಸಾಯ್ತಾರೆ."

ಈಗ ಯಾರೂ ಏನೂ ಅನ್ನಲಿಲ್ಲ. ಶೀಟಿನ ಮೇಲೆ ಕಾಗೆ ನಡೆದ ಸದ್ದಿಗೆ ಮುಂದಿನ ಸಾಲಿನ ಹೆಂಗಸೊಬ್ಬಳು ಬೆಚ್ಚಿಬಿದ್ದಳು. ಪಾಸ್ಟರ್ ತಡೆಯಲು ಎತ್ತಿದ ಕೈ ಮೇಜಿನ ಮೇಲೆ ಇಳಿಯಿತು. ಕೃಪಾವತಿಯ ದನಿ ಪಿಸುಮಾತಿಗೆ ಇಳಿದಿತ್ತು. ಆ ಬಂಗಲೆಗೆ ಹೊಸದಾಗಿ ಬಂದ ಸೊಸೆ ಮೆಟ್ಟಿಲು ಹತ್ತಿದಳು, ಬಾಗಿಲು ತಳ್ಳಿದಳು. ಓರೆಗಣ್ಣಿನಲ್ಲಿ ನೋಡಿದರೆ ರೆಬ್ಬಿ ಕಣ್ಣು ಮುಚ್ಚಿದ್ದಳು. ಅದು ಪ್ರಾರ್ಥನೆಗೆ ಮುಚ್ಚಿದ ಕಣ್ಣಲ್ಲ. ಆ ಒಂದು ಮೊಳ ಚಾಪೆ ಯಾವಾಗ ಮಾಯವಾಯಿತೋ, ತಂಗಿಯ ಭುಜ ಇವಳ ಭುಜಕ್ಕೆ ಒರಗಿತ್ತು.

ಸೊಸೆ ರವಿಕೆಯನ್ನು ಎದೆಗೆ ಹಿಡಿದು ಅಳತೆ ನೋಡಿದಳು. ಸಿನಿಮಾ ಮುಗಿಯುವುದು ಅಲ್ಲಿಗೇ. ಇನ್ನು ಉಳಿದದ್ದು ಬಿಟ್ಟುಬಿಟ್ಟೆ ಎಂಬ ಒಂದೇ ಮಾತು. ಅದನ್ನು ಆಡಿದ ಕೂಡಲೇ ಎಲ್ಲರೂ ಸ್ತೋತ್ರ ಅನ್ನುತ್ತಾರೆ, ರೆಬ್ಬಿ ಕಣ್ಣು ಬಿಡುತ್ತಾಳೆ, ಸರಿದು ಕೂರುತ್ತಾಳೆ. ಕೃಪಾವತಿ ಬಾಯಿ ತೆರೆದಳು.

"ಆ ಕೋಣೆ ಹಿಂದುಗಡೆ," ಅಂದಳು, "ಇನ್ನೊಂದು ಕೋಣೆ ಇತ್ತು."