ಅಕ್ಕನ ಗಡ್ಡೆಯಲ್ಲಿದ್ದ ಗುರುತು

ನಮ್ಮಪ್ಪನಿಗೆ ಅಳಿಯನನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಅಕ್ಕನಿಗೆ ಕ್ಯಾನ್ಸರ್ ಎಂದು ಗೊತ್ತಾದ ದಿನ ಆ ಸಿಟ್ಟಿಗೊಂದು ಕಾರಣ ಸಿಕ್ಕಿತು, ಅಷ್ಟೇ. ಭಾವ ಹುಮನಾಬಾದಿನಲ್ಲಿ ಹೆದ್ದಾರಿ ಪಕ್ಕ ಲಾರಿ ಟೈರುಗಳ ಪಂಕ್ಚರ್ ಅಂಗಡಿ ಇಟ್ಟಿದ್ದರು. ಬೀಡಿ ಇಲ್ಲದ ಅವರ ಬಾಯಿಯನ್ನು ನಾನೂ ಕಂಡವಳಲ್ಲ. ಅಪ್ಪ ಹೋಗಿ ಅಕ್ಕನನ್ನು ಬಸವಕಲ್ಯಾಣಕ್ಕೆ ಕರೆತಂದ. ಮರುದಿನ ಹಿಂದೆಯೇ ಬಂದ ಭಾವನನ್ನು ಹೊಸ್ತಿಲಲ್ಲೇ ತಡೆದ.

“ನಿನ್ನ ಹೊಗಿ ನನ್ನ ಮಗಳಿಗಿ ತಿಂದದ. ಆಕಿ ಸತ್ತ ಮ್ಯಾಲ ಬಾ, ಮಣ್ಣು ಹಾಕಾಕ.”

ಒಳಗೆ ಮಂಚದ ಮೇಲೆ ಅಕ್ಕ ಇದನ್ನು ಕೇಳಿಸಿಕೊಂಡಳು. ಅವಳು ಬದುಕುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಇದ್ದಷ್ಟು ದಿನ ಗಂಡ ಹತ್ತಿರ ಇರಲಿ ಎನ್ನುವುದೊಂದೇ ಅವಳ ಆಸೆ. ಅಪ್ಪ ಅದನ್ನೇ ಕೊಡಲಿಲ್ಲ.

ನಾನು ಹುಮನಾಬಾದಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಹಾಗಾಗಿ ಹೈದರಾಬಾದಿನ ಆಸ್ಪತ್ರೆಗೆ ಅಕ್ಕನ ಜೊತೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಅವಳ ಎರಡೂ ಕಿಡ್ನಿ ಕುಗ್ಗಿಹೋಗಿದ್ದವು, ಮೂತ್ರನಾಳದಲ್ಲಿ ಗಡ್ಡೆ. ಇಷ್ಟು ಚಿಕ್ಕ ವಯಸ್ಸಿಗೆ ಇದು ಹೇಗೆ ಎಂದು ಡಾಕ್ಟರಮ್ಮನಿಗೆ ಅನುಮಾನ ಬಂದು ಗಡ್ಡೆಯ ಚೂರನ್ನು ಜೀನ್ ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಒಂದೊಂದು ವಿಷ ಜೀನಿನ ಅಕ್ಷರಗಳನ್ನು ಒಂದೊಂದು ರೀತಿಯಲ್ಲಿ ಕೆಡಿಸುತ್ತದೆ. ಹೊಗೆ ಕೆಡಿಸುವ ಬಗೆ ಬೇರೆ, ಬಿಸಿಲು ಕೆಡಿಸುವ ಬಗೆ ಬೇರೆ. ಕಬ್ಬಿನ ಹೊಲಕ್ಕೆ ನುಗ್ಗಿದ್ದು ಹಂದಿಯೋ ನರಿಯೋ ಎಂದು ಕಚ್ಚಿದ ಜಲ್ಲೆ ನೋಡಿ ಹೇಳುತ್ತಾರಲ್ಲ, ಹಾಗೆ. ಅಕ್ಕನ ಗಡ್ಡೆಯಲ್ಲಿ ಹೊಗೆಯ ಗುರುತು ಇರಲಿಲ್ಲ. ‘ಎ’ ಅಕ್ಷರ ಇರಬೇಕಾದ ಎಷ್ಟೋ ಕಡೆ ‘ಟಿ’ ಬಂದು ಕೂತಿತ್ತು. ಹಾಗೆ ಕೆಡಿಸುವುದು ಒಂದು ಜಾತಿಯ ಬಳ್ಳಿಗಳ ವಿಷ ಮಾತ್ರವಂತೆ. “ನಾಟಿ ಔಷಧಿ ಏನಾದರೂ ತಗೊಂಡಿದ್ದೀರಾ? ಬೇರು ಗೀರು?” ಎಂದು ಅವರು ಹಿಂದಿಯಲ್ಲಿ ಕೇಳಿದರು.

ನಾನು ಅಕ್ಕನ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು.

ನಮ್ಮವ್ವ ಸತ್ತಿದ್ದು ಹಾವು ಕಚ್ಚಿ, ಕುರಿಗೆ ಹುಲ್ಲು ಕೊಯ್ಯುವಾಗ. ನಾನಾಗ ಹಾಲು ಕುಡಿಯುವ ಕೂಸು. ನನ್ನನ್ನು ಚಿಟಗುಪ್ಪದ ಸೋದರತ್ತೆಯ ಮಡಿಲಿಗೆ ಹಾಕಿ ಅಪ್ಪ ಅಕ್ಕನನ್ನು ಇಟ್ಟುಕೊಂಡ. ಕುರಿ ಕಾಯುವ ನಮ್ಮ ಜನಕ್ಕೆ ಹಾವಿನ ವಿಷಕ್ಕೆ ಮದ್ದೆಂದರೆ ಈಶ್ವರಿ ಬಳ್ಳಿಯ ಬೇರು. ಕಚ್ಚಿದ ಮೇಲೆ ಅರೆದು ಕೊಡುವುದು ಎಲ್ಲರ ರೂಢಿ. ಅಪ್ಪ ಕಚ್ಚುವುದಕ್ಕೆ ಕಾಯಲಿಲ್ಲ. ಬೇರು ರಕ್ತದಲ್ಲಿದ್ದರೆ ಹಾವಿನ ವಿಷ ಏರುವುದಿಲ್ಲವೆಂದು ಅವಳಿಗೆ ದಿನಾ ಬೆಳಿಗ್ಗೆ ಹಾಲಿನಲ್ಲಿ ಕಲಸಿ ಕುಡಿಸಿದ. ಮದುವೆಯಾದ ಮೇಲೂ ಪುಡಿಯ ಪೊಟ್ಟಣ ಹಿಡಿದು ಬಸ್ಸಿನಲ್ಲಿ ಹುಮನಾಬಾದಿಗೆ ಹೋಗುತ್ತಿದ್ದ. ರಜೆಗೆ ಬಂದಾಗ ಆ ಲೋಟ ಕಂಡು ನನಗೆ ಹೊಟ್ಟೆ ಉರಿಯುತ್ತಿತ್ತು. ಅಪ್ಪನ ಪ್ರೀತಿಯೆಲ್ಲ ಅವಳಿಗೇ ಮೀಸಲು. ನನಗೆ ಅವನು ಒಂದು ಗುಟುಕೂ ಕೊಡಲಿಲ್ಲ.

ಆಸ್ಪತ್ರೆಯ ಹೊರಗೆ ಅಕ್ಕ ನನ್ನ ಕೈ ಎಳೆದು ತನ್ನ ತಲೆ ಮೇಲೆ ಇಟ್ಟುಕೊಂಡಳು.

“ಅಪ್ಪಗ ಬೇರಿನ ಮಾತು ಹೇಳಬ್ಯಾಡ. ಕೇಳಿದ್ರ ಆಂವ ಬದುಕಂಗಿಲ್ಲ. ನಮ್ಮ ಮನಿಯವರಿಗಿ ಮಾತ್ರ ಹ್ಯಾಂಗರ ಮಾಡಿ ಒಳಗ ಬಿಡಿಸು.”

ಅರ್ಧ ನಿಜ ಇಟ್ಟುಕೊಂಡು ಗೆಲ್ಲಬೇಕಂತೆ. ಆದರೂ ಮನೆಗೆ ಬಂದು ಪ್ರಯತ್ನಪಟ್ಟೆ.

“ಅಪ್ಪಾ, ಇದು ಬೀಡಿ ಹೊಗಿಯಿಂದ ಬಂದದ್ದಲ್ಲ. ಟೆಸ್ಟಿನಾಗ ಸಾಫ್ ಗೊತ್ತಾಗ್ಯದ.”

“ಹೊಗಿ ಅಲ್ಲಂದ್ರ ಮತ್ತೇನು?”

ನಾನು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿದೆ.

“ಹೇಳು, ಯಾಕ ಸುಮ್ಮನಾದಿ? ಅವನ ಊರಾಗ ನೌಕರಿ ಮಾಡ್ತಿ, ಅವನ ಕಡೀನೇ ಮಾತಾಡ್ತಿ.” ಅಂದವನೇ ಅಕ್ಕನ ಹಾಲಿಗೆ ಪುಡಿ ಕಲಸಲು ಒಳಗೆ ಹೋದ. ಕಾಯಿಲೆಯೆಂದು ಈಗ ಎರಡು ಹೊತ್ತು ಕೊಡುತ್ತಿದ್ದ. ಅವನು ಆಚೆ ಹೋದ ಮೇಲೆ ಅಕ್ಕ ಅದನ್ನು ಮಂಚದ ಕೆಳಗಿನ ಉಗುಳುವ ಡಬ್ಬಿಗೆ ಸುರಿದಳು.

ಮರುದಿನ ಭಾವನ ಅಂಗಡಿಗೆ ಹೋಗಿ ಎಲ್ಲವನ್ನೂ ಹೇಳಿದೆ. ನಾನಾಗಿದ್ದರೆ ಆಗಲೇ ಬಸ್ಸು ಹತ್ತಿ ಹೋಗಿ ಆ ಮುದುಕನ ಮುಖಕ್ಕೆ ರಿಪೋರ್ಟು ಎಸೆಯುತ್ತಿದ್ದೆ. ಭಾವ ಟೈರಿನ ಮೇಲೆ ಕೂತುಬಿಟ್ಟರು.

“ಆಕಿಗಿ ಗೊತ್ತದೇನು?”

“ಗೊತ್ತದ್ರಿ ಮಾಮಾ. ಅಪ್ಪಗ ಹೇಳಬ್ಯಾಡ ಅಂತ ಆಣಿ ಮಾಡಿಸ್ಯಾಳ.”

ಅವರು ಶಟರ್ ಎಳೆದು ನನ್ನ ಜೊತೆಗೇ ಹೊರಟರು. ಬಸವಕಲ್ಯಾಣದ ಮನೆಯ ಹೊಸ್ತಿಲಲ್ಲಿ ಅಪ್ಪನ ಕಾಲು ಹಿಡಿದರು.

“ಹೌದ್ರಿ ಮಾವಾ, ನನ್ನ ಹೊಗೀನೇ. ತಪ್ಪು ಕಬೂಲ್ ಅದ. ಒಳಗ ಬಿಡ್ರಿ.”

ಅಪ್ಪನ ಮುಖ ಅರಳಿತು. ಅಷ್ಟಕ್ಕೇ ಬಿಡಲಿಲ್ಲ, ಅಕ್ಕಪಕ್ಕದವರನ್ನು ಕೂಗಿ ಕರೆದು, “ಈಗ ಇವರ ಮುಂದ ಇನ್ನೊಮ್ಮಿ ಹೇಳು” ಅಂದ. ಭಾವ ಇನ್ನೊಮ್ಮೆ ಹೇಳಿದರು. ಆಗ ಅಪ್ಪ ದಾರಿ ಬಿಟ್ಟ.

ಅಕ್ಕ ಮಲಗಿದಲ್ಲೇ ನಕ್ಕಳು. “ನಿಮಗ ಇಷ್ಟು ಚಂದ ಸುಳ್ಳು ಹೇಳಾಕ ಬರ್ತದಂತ ಗೊತ್ತೇ ಇರಲಿಲ್ಲ.” ಆಮೇಲೆ ಅವಳು ಬಹಳ ದಿನ ಇರಲಿಲ್ಲ. ಇದ್ದಷ್ಟು ದಿನ ಗಂಜಿ ಕುಡಿದದ್ದು ಗಂಡನ ಕೈಯಿಂದಲೇ.

ಮಣ್ಣು ಮಾಡಿದ ಮೂರನೇ ದಿನ ಬೀಗರು, ಹಿರಿಯರು ಊಟಕ್ಕೆ ಕೂತರು. ಭಾವನಿಗೆ ಪಂಕ್ತಿಯಲ್ಲಿ ಯಾರೂ ಜಾಗ ಬಿಡಲಿಲ್ಲ. ಹೆಂಡತಿಯನ್ನು ಕೊಂದವನೆಂದು ಬಂದವರಿಗೆಲ್ಲ ಅಪ್ಪ ಹೇಳಿ ಮುಗಿಸಿದ್ದ. ಭಾವ ಗೋಡೆಗೆ ಒರಗಿ ನಿಂತೇ ಇದ್ದರು. ರೊಟ್ಟಿ ಬಡಿಸುತ್ತಿದ್ದ ನನ್ನನ್ನು ಅಪ್ಪ ಎಲ್ಲರಿಗೂ ಕೇಳುವಂತೆ ಕರೆದ.

“ಹೊಗಿ ಅಲ್ಲ ಅಂದಿದ್ದಿಯಲ್ಲ. ನೋಡಿದೇನು, ತನ್ನ ಬಾಯಿಲೇ ಕಬೂಲ್ ಮಾಡ್ಯಾನ. ಆಕಿಗಿ ಸಾಕಿದಾಂವ ನಾ. ನನ್ನ ಮಗಳ ಹೊಟ್ಟ್ಯಾಗ ಏನೇನು ಹೋಗ್ಯದ ಅಂತ ನನಗ ಗೊತ್ತೋ, ನಿನ್ನ ಮಷೀನಿಗಿ ಗೊತ್ತೋ?”

ಕೂತವರು ತಲೆಯಾಡಿಸಿದರು. ಭಾವ ಕಣ್ಣಿನಲ್ಲೇ ಬೇಡ ಅಂದರು. ಅಪ್ಪನನ್ನು ಕೊಲ್ಲಲು ನನಗೆ ಒಂದೇ ಮಾತು ಸಾಕಿತ್ತು, ಆ ಹೊತ್ತಿನಲ್ಲಿ ಕೊಲ್ಲುವಷ್ಟು ದ್ವೇಷವೂ ಇತ್ತು.

“ನಿನಗೇ ಗೊತ್ತದ ಅಪ್ಪಾ,” ಅಂದೆ. “ನಿನ್ನ ಬಿಟ್ರ ಯಾರಿಗಿ ಗೊತ್ತಿರ್ತದ?”

ಅಪ್ಪನಿಗೆ ಸಮಾಧಾನವಾಯಿತು. ಇನ್ನೊಂದು ರೊಟ್ಟಿ ಹಾಕು ಅಂದ.