ಕಂಪ್ರೆಸರ್‌ಗೆ ಎರಡನೇ ಪೂಜೆ

ಮದುವೆಯಾಗಿ ಚಂದಕವಾಡಿಯಿಂದ ತೆರಕಣಾಂಬಿಗೆ ಬಂದ ನನಗೆ ಸಿಕ್ಕಿದ್ದು ಒಂದು ದೊಡ್ಡ ಅಡುಗೆಮನೆ ಮತ್ತು ಅದರ ಬಾಗಿಲಲ್ಲೇ ಮಣೆ ಹಾಕಿಕೊಂಡು ಕೂತಿರುತ್ತಿದ್ದ ಅತ್ತೆ. ಸಾರು ಮಾಡುವವಳು ನಾನು, ಅದು ಯಾಕೆ ಕೆಟ್ಟಿತೆಂದು ವಿವರಿಸುವವರು ಅವರು. ಹಾಗಾಗಿ ನಮ್ಮ ಯಜಮಾನರು ಗುಂಡ್ಲುಪೇಟೆಯಲ್ಲಿ, ಕೇರಳದ ಲಾರಿಗಳು ಓಡಾಡುವ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಡುತ್ತೇನೆ ಎಂದಾಗ, ಮನೆತನಕ್ಕೆಲ್ಲ ಅದು ಅವಮಾನವಾಗಿ ಕಂಡರೂ ನನಗೆ ಮಾತ್ರ ಕೈಲಾಸವೇ ಕಂಡಿತು. ಅಂಗಡಿಯ ಹಿಂದೆ ಒಂದು ಕೋಣೆ, ಒಂದು ಸೀಮೆಎಣ್ಣೆ ಸ್ಟೌ. ಸಾರು ಹೇಗಿದ್ದರೂ ಸುಮ್ಮನೆ ಉಣ್ಣುವ ಒಬ್ಬ ಗಂಡ. ಇನ್ನೇನು ಬೇಕು?

ಹೊಲ ಗದ್ದೆ ಇರುವವನು ಕಂಡವರ ಚಕ್ರಕ್ಕೆ ಗಾಳಿ ಊದುವುದೇ ಎಂದು ಮಾವ ತಿಂಗಳುಗಟ್ಟಲೆ ಮಾತು ಬಿಟ್ಟಿದ್ದರು. ಕೊನೆಗೆ, "ಆಯ್ತು, ನೋಡು. ಕೈ ಅತ್ನಿಲ್ಲ ಅಂದ್ರೆ ಗಂಡ ಎಂಡ್ತಿ ಇಬ್ರೂ ಊರ್ಗೆ ಬಂದ್ಬುಡಿ" ಎಂದು ಅಪ್ಪಣೆ ಕೊಟ್ಟರು. ಆ ಮಾತು ಅವರಿಗೆ ಬರೀ ಷರತ್ತು. ನನಗೆ ಅದು ನೆನಪಾದಾಗಲೆಲ್ಲ ಅಡುಗೆಮನೆ ಬಾಗಿಲಿನ ಆ ಮಣೆ ಕಣ್ಣಮುಂದೆ ಬರುತ್ತಿತ್ತು.

ಸಾಲ ಸೋಲ ಮಾಡಿ ಚಕ್ರಕ್ಕೆ ಗಾಳಿ ತುಂಬುವ ಒಂದು ಸಣ್ಣ ಕಂಪ್ರೆಸರ್ ತಂದೆವು. ತಂದ ಹೊಸತರಲ್ಲೇ ಆಯುಧಪೂಜೆ ಬಂತು. ಅಂಗಡಿಯ ಮುಖ ನೋಡದಿದ್ದ ಮಾವ ಪೂಜೆ ಮಾತ್ರ ತಮ್ಮ ಕೈಯಿಂದಲೇ ಆಗಬೇಕೆಂದು ಬೆಳಗಿನ ಬಸ್ಸಿಗೇ ಬಂದಿಳಿದರು. ಯಂತ್ರದ ತಲೆಯ ಪಕ್ಕ ಸಣ್ಣ ಸಣ್ಣ ತೂತುಗಳಿದ್ದ ಒಂದು ಗುಂಡು ಡಬ್ಬಿ ಇತ್ತು. ಅದು ಏನಕ್ಕೆಂದು ನಮಗ್ಯಾರಿಗೂ ತಿಳಿಯದು, ಮಾರಿದವನು ಸ್ವಿಚ್ ತೋರಿಸಿ ಕೈತೊಳೆದುಕೊಂಡಿದ್ದ. ಮಾವನಿಗೆ ಮಾತ್ರ ನೋಡಿದೊಡನೆ ತಿಳಿಯಿತು. ಅದು ಲಿಂಗ. ವಿಭೂತಿ ಗಟ್ಟಿಯನ್ನು ನೀರಲ್ಲಿ ಕಲಸಿ, ಗೋಡೆಗೆ ಗಾರೆ ಮೆತ್ತಿದಂತೆ ಡಬ್ಬಿಯ ಸುತ್ತಲೂ ಮೆತ್ತಿದರು. ಮೇಲೊಂದು ಚೆಂಡುಹೂವು ಇಟ್ಟು ಕೈಮುಗಿದು, ಊಟ ಮಾಡಿ ಹೊರಟರು.

ಮರುದಿನ ಸ್ವಿಚ್ ಹಾಕಿದರೆ ಮೋಟಾರು ಸದ್ದು ಮಾಡಿತು, ಬೆಲ್ಟು ತಿರುಗಿತು, ಗಾಳಿಯ ಒತ್ತಡ ತೋರಿಸುವ ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಏಳಲಿಲ್ಲ. ಯಜಮಾನರು ಬೆಲ್ಟು ಬಿಗಿ ಮಾಡಿದರು. ಪೈಪಿನ ಸಂದುಗಳಿಗೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೋ ಎಂದು ಕಣ್ಣಿಟ್ಟು ಕಾದರು. ನಾನು ಬಟ್ಟೆಗೆಂದು ಇಟ್ಟಿದ್ದ ಸೋಪು ಮುಗಿಯಿತೇ ಹೊರತು ಗುಳ್ಳೆ ಬರಲಿಲ್ಲ. ಚಾಮರಾಜನಗರದಿಂದ ಬಂದ ಮೆಕ್ಯಾನಿಕ್ ಪಂಪ್‌ಸೆಟ್ ರಿಪೇರಿಯಲ್ಲಿ ಹೆಸರುವಾಸಿ. ಅವನು ಯಂತ್ರದ ತಲೆ ಬಿಚ್ಚಿದ, ವಾಲ್ವು ಒರೆಸಿದ, ಗ್ಯಾಸ್ಕೆಟ್ ಬದಲಿಸಿದ. ವಿಭೂತಿ ಮೆತ್ತಿದ ಡಬ್ಬಿಯ ಹತ್ತಿರ ಬಂದಾಗ ಮಾತ್ರ, "ಪೂಜೆ ಆಗಿರೋದು, ಮುಟ್ಟಬಾರ್ದು ಕಣಣ್ಣ" ಎಂದು ಭಕ್ತಿಯಿಂದ ಪಕ್ಕಕ್ಕೆ ಸರಿದ. ಕಡೆಗೆ ಯಂತ್ರದ ಹಣೆಬರಹವೇ ಸರಿಯಿಲ್ಲ ಎಂದು ತೀರ್ಪು ಕೊಟ್ಟು ಬಸ್ಸು ಹತ್ತಿದ. ಈರುಳ್ಳಿ ಲಾರಿಗಳು ನಮ್ಮ ಅಂಗಡಿ ಮುಂದೆ ನಿಧಾನ ಮಾಡಿ, ಎದುರು ಅಂಗಡಿಗೆ ಹೋಗತೊಡಗಿದವು.

ಸುದ್ದಿ ತೆರಕಣಾಂಬಿ ಮುಟ್ಟಿ ಮಾವ ಬಂದರು. "ಪೂಜೇಲಿ ಏನೋ ಊನ ಆಗದೆ. ಇನ್ನೊಂದ್ ಪೂಜೆ ಮಾಡಿ ನೋಡನ. ಆಗ್ಲೂ ಆಗ್ನಿಲ್ಲ ಅಂದ್ರೆ ಸಾಮಾನು ಕಟ್ಬುಡಿ" ಎಂದರು. ನನ್ನ ಕಡೆ ತಿರುಗಿ, "ಅಳೇ ಈಬೂತಿನೆಲ್ಲ ತೊಳ್ದು ಸುದ್ದ ಮಾಡವ್ವ" ಎಂದರು.

ಅಂದರೆ ಮುಟ್ಟಲು ನನಗೆ ಅಪ್ಪಣೆ ಸಿಕ್ಕಿತ್ತು. ಡಬ್ಬಿಯನ್ನು ತಿರುಗಿಸಿದರೆ ಕೈಗೇ ಬಂತು. ಹಿತ್ತಲ ಕಲ್ಲಿನ ಮೇಲೆ ಉಜ್ಜತೊಡಗಿದೆ. ಒಂದು ತೂತೂ ಬಿಡದೆ ವಿಭೂತಿ ಗಟ್ಟಿಯಾಗಿ ಕೂತಿತ್ತು. ಬಾಯಿಟ್ಟು ಊದಿದರೆ ಒಂದಿಷ್ಟೂ ಉಸಿರು ಹೋಗಲಿಲ್ಲ. ಯಂತ್ರ ಹೊರಗಿನ ಗಾಳಿ ಎಳೆದುಕೊಳ್ಳುವುದೇ ಈ ತೂತುಗಳಿಂದ. ಪಾಪದ್ದು ಇಷ್ಟು ದಿನ ಮೂಗು ಮುಚ್ಚಿಕೊಂಡು ಒದ್ದಾಡಿತ್ತು, ನಾವು ಅದಕ್ಕೆ ಸೋಪು ಹಚ್ಚುತ್ತಿದ್ದೆವು.

ಅಷ್ಟರಲ್ಲಿ ಅಂಗಡಿಯಲ್ಲಿ ಮೋಟಾರಿನ ಸದ್ದು ಕೇಳಿತು. ಡಬ್ಬಿ ಹಿಡಿದೇ ಓಡಿದೆ. ಮಾವ ಕರ್ಪೂರ ಹಚ್ಚಿ, ಸ್ವಿಚ್ ಹಾಕಿಸಿ, ಆರತಿ ಎತ್ತುತ್ತಿದ್ದರು. ಡಬ್ಬಿ ಕಳಚಿದ ಯಂತ್ರ ಬರಿಮೂಗಿನಲ್ಲೇ ಗಾಳಿ ಎಳೆಯುತ್ತಿತ್ತು, ಅವರ ಕಣ್ಣೆದುರೇ ಮುಳ್ಳು ಸರಸರನೆ ಏರುತ್ತಿತ್ತು.

ಯಜಮಾನರು ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದರು, ಅದರಿಂದ ಇಳಿಯುತ್ತಿದ್ದ ಬಿಳಿ ನೀರು ನೋಡಿದರು. ಎಲ್ಲ ಅರ್ಥವಾಯಿತು. ಆಮೇಲೆ ಅಪ್ಪನ ಮುಖ ನೋಡಿ, "ನಿಮ್ಮ ಪೂಜೆ ಫಲ ಕಣಪ್ಪ" ಎಂದುಬಿಟ್ಟರು. ನಾನೂ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅಂಗಡಿ ಉಳಿದರೆ ಸಾಕು, ಕೀರ್ತಿ ಯಾರಿಗಾದರೂ ಹೋಗಲಿ ಎಂಬ ಉದಾರ ಬುದ್ಧಿ.

ಮಾವ ಬೆಂಚಿನ ಮೇಲೆ ಕೂತು ಕಣ್ಣೊರೆಸಿಕೊಂಡರು. "ಒಳ್ಳೆ ಕಸ್ಬು ಕಣ್ಲಾ ಇದು. ನಾನೇ ತಿಳ್ಕನಿಲ್ಲ" ಎಂದರು. ಆ ಒಂದು ಮಾತಿಗಾಗಿ ನನ್ನ ಗಂಡ ಎಷ್ಟು ಕಾದಿದ್ದರೆಂದು ನನಗೆ ಗೊತ್ತಿತ್ತು.

ಮಾವ ಇನ್ನೂ ಮುಗಿಸಿರಲಿಲ್ಲ. "ನೋಡ್ದಾ, ನನ್ ಕೈ ಬಿದ್ರೇನೆ ಇದು ನಡೆಯೋದು. ಇನ್ನು ಇಲ್ಲೇ ಇದ್ಬುಡ್ತೀನಿ, ದಿನಾ ಪೂಜೆ ಆಗ್ಲಿ. ಒಲ ನಿಮ್ಮಣ್ಣ ನೋಡ್ಕತಾನೆ. ನಿಮ್ಮವ್ವನ್ನೂ ಬಂದ್ಬುಡು ಅಂತೀನಿ."

ಸೆರಗಿನೊಳಗೆ ಡಬ್ಬಿ ಒದ್ದೆಯಾಗಿತ್ತು. ಅದನ್ನು ಹೊರತೆಗೆದು ತೋರಿಸಿದರೆ ಮುಗಿಯಿತು, ಮಾವ ಸಂಜೆಯ ಬಸ್ಸಿಗೇ ಹೊರಡುತ್ತಾರೆ. ಯಜಮಾನರು ಅಪ್ಪನ ಪಕ್ಕ ಬೆಂಚಿನ ಮೇಲೆ ಕೂತಿದ್ದರು, ಅಂಗಡಿ ಇಟ್ಟಮೇಲೆ ಮೊದಲ ಸಲ.

"ಅತ್ತೆಯವ್ರು ನಾಳೆ ಯಾವ ಬಸ್ಸಿಗೆ ಬತ್ತಾರೆ ಮಾವ?" ಎಂದು ಕೇಳಿದೆ.